ಬಿಗಿ ಕೈ, ಹಿಗ್ಗಿದ ಮನಸ್ಸು

ಭಾಲ್ಕಿಯ ಸಹೋದರಿಗೆ,

ಮನೆ ಸಾಲ ತೀರುವವರೆಗೆ ಕೈ ಬಿಗಿ ಹಿಡಿದಿದ್ದೀರಿ, ಒಳ್ಳೆಯದೇ. ಆದರೆ ಹಾಲು, ಹಣ್ಣು, ಹಬ್ಬ ಎಲ್ಲದರಲ್ಲೂ ಚೂರುಚೂರು ಕತ್ತರಿಸುತ್ತಿದ್ದೀರಿ. ಮಕ್ಕಳ ಮುಖ ಬಾಡುವುದು ಅದಕ್ಕೇ. ಬದಲಿಗೆ ದೊಡ್ಡ ಖರ್ಚನ್ನು ತಗ್ಗಿಸಿ. ಔರಾದಿನ ತವರಿನಲ್ಲಿ ತೊಗರಿ ರಾಶಿಯಾದಾಗಲೇ ವರ್ಷದ ಬೇಳೆ ಮಾಡಿಸಿಕೊಳ್ಳಿ. ಹಿಂಗಾರಿ ಜೋಳವನ್ನೂ ಸುಗ್ಗಿಯಲ್ಲೇ ಕೊಳ್ಳಿ. ಅದಕ್ಕಾಗಿ ಹೊಸ ಸಾಲ ಮಾತ್ರ ಬೇಡ, ಕೈಯಲ್ಲಿ ಹಣ ಕಡಿಮೆಯಿದ್ದರೆ ಆರು ತಿಂಗಳಿಗಾಗುವಷ್ಟಾದರೂ ಸಾಕು.

ಎಳ್ಳಮವಾಸ್ಯೆಯನ್ನು ಖಂಡಿತ ಬಿಡಬೇಡಿ. ಹೊಲದಲ್ಲಿ ಎಲ್ಲರೂ ಕೂತು ಭಜ್ಜಿ, ಅಂಬಲಿ, ರೊಟ್ಟಿ ಉಣ್ಣುವ ಸುಖಕ್ಕೆ ಖರ್ಚೆಷ್ಟು? ತಿರುಗಾಟವೂ ದುಬಾರಿಯಲ್ಲ: 2023ರ ಜೂನ್ 11ರಿಂದ ಮಹಿಳೆಯರ ಶಕ್ತಿ ಯೋಜನೆಯಡಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಿಮಗೆ ಟಿಕೆಟ್ ಖರ್ಚಿಲ್ಲ. ಭಾನುವಾರ ಬೀದರಿಗೆ ಹೋಗಿ, ಮಕ್ಕಳಿಗೆ ಕೋಟೆ ತೋರಿಸಿ. ಅಲ್ಲಿನ ನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ ಉಚಿತ ಊಟ ಉಣ್ಣಲು ಸಂಕೋಚ ಬೇಡ, ಅಲ್ಲಿ ಎಲ್ಲರಿಗೂ ಒಂದೇ ಸಾಲು.

ನಿಮ್ಮ ಜಿಲ್ಲೆಯದೇ ಆದ ಕಲ್ಯಾಣದಲ್ಲಿ (ಇಂದಿನ ಬಸವಕಲ್ಯಾಣ) 12ನೇ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮ, ಗಂಡ ಹೆಚ್ಚಿಗೆ ತಂದ ಅಕ್ಕಿಯನ್ನು ಹಿಂದಿರುಗಿಸಿದ್ದು ಕೊರತೆಯ ಹೆದರಿಕೆಯಿಂದಲ್ಲ, ಸಾಕೆನ್ನುವ ಧೈರ್ಯದಿಂದ. ಆ ಧೈರ್ಯ ಮಕ್ಕಳಿಗೂ ಬರಬೇಕಾದರೆ ಲೆಕ್ಕ ಮುಚ್ಚಿಡಬೇಡಿ. ತಿಂಗಳ ಕಂತು ಕಟ್ಟಿದ ದಿನ, ಉಳಿದ ಸಾಲವೆಷ್ಟೆಂದು ಎಂಟನೇ ತರಗತಿಯ ಮಗಳ ಕೈಯಲ್ಲೇ ಬರೆಸಿ.