ಪರದೆ ದೊಡ್ಡದಾಯಿತು, ಮೂಲೆ ದೂರವಾಯಿತು

ಜುಗೂಳದ ಸಹೋದರಿಗೆ,

ಸೊಸೈಟಿಗೆ 32 ಇಂಚಿನ ಮಾನಿಟರ್ ಬಂದ ಮೇಲೆ ಬಲಮೂಲೆಯ ಸಂದೇಶ ಕಣ್ಣಿಗೆ ಬೀಳುತ್ತಿಲ್ಲ ಎಂದಿದ್ದೀರಿ. ನಾವು ಸ್ಪಷ್ಟವಾಗಿ ಕಾಣುವುದು ನೋಟದ ನಡುವಿನ ಸುಮಾರು 2 ಡಿಗ್ರಿಯನ್ನಷ್ಟೇ. ಅಂಚಿನ ನೋಟ ಚಲನೆಯನ್ನು ಬೇಗ ಹಿಡಿಯುತ್ತದೆ, ಸಣ್ಣ ಅಕ್ಷರವನ್ನಲ್ಲ. 60 ಸೆಂ.ಮೀ. ದೂರದಲ್ಲಿ ಕೂತರೆ 14 ಇಂಚಿನ ಲ್ಯಾಪ್‌ಟಾಪಿನ ಅಂಚು ನಡುವಿನಿಂದ ಸುಮಾರು 15 ಡಿಗ್ರಿ ಆಚೆ. ನಿಮ್ಮ ಹೊಸದರಲ್ಲಿ 30. ಕಬ್ಬಿನ ಬಿಲ್ಲಿನ ಲೆಕ್ಕದಲ್ಲಿ ಮನಸ್ಸು ಮುಳುಗಿದಾಗಂತೂ ಮೂಲೆ ಇದ್ದೂ ಇಲ್ಲದಂತೆ.

ಮಾನಿಟರನ್ನು ತುಸು ಹಿಂದೆ ಸರಿಸಿ. ಸಂದೇಶ ಲೆಕ್ಕದ ಪಕ್ಕದಲ್ಲೇ ಬರುವಂತೆ ಮಾಡಿಸಿ. ಮಿನುಗುವ ಸೂಚನೆ ತುರ್ತಿಗಷ್ಟೇ ಇರಲಿ. ದಿನವಿಡೀ ಮಿನುಗಿದರೆ ಯಾರೂ ನೋಡುವುದಿಲ್ಲ (ನಮ್ಮ ಕಚೇರಿಗಳಿಗೆ ಇದು ತಿಳಿಯದು). ಬಾಗಿಲಲ್ಲಿ ನಿಂತವರೂ ಬದಿಯಿಂದ ಕಾಣದಿದ್ದರೆ ಮಾತ್ರ ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಿ. ಗ್ಲಾಕೋಮಾ ಸಾಮಾನ್ಯವಾಗಿ ನೋವಿಲ್ಲದೆ ಅಂಚಿನ ನೋಟವನ್ನೇ ಮೊದಲು ತಿನ್ನುತ್ತದೆ.