ಕಳಿಚ್ಚೋ? ಕೞಿಚ್ಚೋ?

ಕೆಳಗಿನ ಮಾತುಕತೆಯನ್ನು ಗಟ್ಟಿಯಾಗಿ ಓದಿರಿ.

ನರ್ಸ್: ಅಮ್ಮೇ, ಮರುನ್ನ್ ಕೞಿಚ್ಚೋ?
ಅಜ್ಜಿ: ಇವರು ಎಂತ ಕೇಳುದು ಮಗಾ? ಆಟ ಆಡಿದ್ದಾ ಅಂತಲಾ?
ಮಗಳು: ಅಲ್ಲಮ್ಮ, ಮದ್ದು ತಿಂದಾಯ್ತಾ ಅಂತ.

ಮಲಯಾಳದಲ್ಲಿ 'ಕಳಿ' ಅಂದರೆ ಆಟ. 'ಕೞಿಕ್ಕು' ಅಂದರೆ ತಿನ್ನು. ಕನ್ನಡ ಮಾತ್ರ ಬಲ್ಲವರ ಕಿವಿಗೆ ಎರಡೂ ಒಂದೇ ಹಾಗೆ ಕೇಳಿಸುತ್ತದೆ. ನಗೆ ಬರುತ್ತದೆ, ಬರಲಿ. ಆದರೆ ಮಾತ್ರೆಯ ವಿಷಯದಲ್ಲಿ ಹುಷಾರಾಗಿರಬೇಕು. 'ಭಕ್ಷಣಂ ಕೞಿಞ್ಞಿಟ್ಟ್' ಎಂದರೆ ಊಟ ಆದ ಮೇಲೆ. ನಾವು 'ಎರಡು ದಿನ ಕಳೆದು' ಅನ್ನುತ್ತೇವಲ್ಲ, ಅದೇ ಮಾತು. 'ಮುನ್ಪ್' ಎಂದರೆ ಮೊದಲು. ಸಂಶಯ ಬಂದರೆ ಇನ್ನೊಮ್ಮೆ ಕೇಳಿ, ನಾಚಿಕೆ ಬೇಡ.

'ೞ' ಹೇಳುವುದು ಹೇಗೆ? 'ಳ' ಹೇಳುವಾಗ ನಾಲಿಗೆಯ ತುದಿ ಮೇಲಕ್ಕೆ ಮಡಚಿ ಅಂಗಳಕ್ಕೆ ತಾಗುತ್ತದೆ. 'ೞ'ಕ್ಕೂ ಹಾಗೇ ಮಡಚಿ, ಆದರೆ ತಾಗಿಸಬೇಡಿ. ಉಸಿರು ಹರಿಯಲಿ. ಕನ್ನಡದಲ್ಲಿ ಬರೆಯುವಾಗ ಕೆಲವರು ಆಲಪ್ಪುಳ ಎನ್ನುತ್ತಾರೆ, ಕೆಲವರು ಆಲಪ್ಪುಝ. ಎರಡರಲ್ಲೂ ಆ ಸ್ವರ ಇಲ್ಲ.

ಇದು ಪರರ ಅಕ್ಷರವೂ ಅಲ್ಲ. ಹಳಗನ್ನಡದಲ್ಲಿ 'ೞ' ಇತ್ತು. 13ನೆಯ ಶತಮಾನದ ಕೇಶಿರಾಜ ತನ್ನ ವ್ಯಾಕರಣ 'ಶಬ್ದಮಣಿದರ್ಪಣ'ದಲ್ಲಿ ಇದರ ವಿಚಾರ ಹೇಳಿದ್ದಾನೆ. ಆಮೇಲೆ ನಮ್ಮ ಬಾಯಿಂದ ಜಾರಿಹೋಯಿತು. ಹಳೆಯ 'ಕೋೞಿ' ಕನ್ನಡದಲ್ಲಿ ಕೋಳಿ ಆಯಿತು, ತುಳುವಿನಲ್ಲಿ ಕೋರಿ. ಮಲಯಾಳದಲ್ಲಿ ಕೋೞಿಯಾಗಿಯೇ ಉಳಿಯಿತು.

ತುಳು ಬಲ್ಲವರಿಗೆ ಒಂದು ಲಾಭ ಉಂಟು. 'ಪತ್ತ್' ಎನ್ನುವಾಗ ಕೊನೆಯಲ್ಲಿ 'ಉ' ಅಲ್ಲದ, ಅರ್ಧ ನುಂಗಿದ ಸ್ವರ ಬರುತ್ತದಲ್ಲ? ಮಲಯಾಳದಲ್ಲೂ ಅದು ಉಂಟು. ಬೇರೆ ಕಲಿಯಬೇಕಾಗಿಲ್ಲ. ಕನ್ನಡದ 'ಹ' ಅಲ್ಲಿ ಎಷ್ಟೋ ಕಡೆ 'ಪ': ಹಾಲು ಪಾಲ್, ಹುಲಿ ಪುಲಿ. ನಮ್ಮ 'ಬ' ಅಲ್ಲಿ 'ವ': ಬೆಳ್ಳಿ ವೆಳ್ಳಿ, ಬಾಯಿ ವಾಯ್. ಇನ್ನೊಂದು ಗುಟ್ಟು. 'ಮಕನ್' ಎಂದು ಬರೆದದ್ದನ್ನು 'ಮಗನ್' ಎಂದು ಓದುತ್ತಾರೆ. ಬೋರ್ಡು ಓದುವಾಗ ನೆನಪಿರಲಿ.

ಎಲ್ಲ ಸ್ವರವೂ ಅವರಂತೆಯೇ ಬರಬೇಕೆಂದು ಹಟ ಬೇಡ. ಅರ್ಥ ಕೆಡಿಸುವ ಸ್ವರಗಳನ್ನು ಮೊದಲು ತಿದ್ದಿಕೊಳ್ಳಿ, ಉಳಿದ ರಾಗ ಇದ್ದರೆ ಇರಲಿ. ಗಲ್ಫಿಗೆ ಹೋದವರನ್ನು ಕೇಳಿ ನೋಡಿ. ಅರಬಿಯಲ್ಲಿ 'ಪ' ಇಲ್ಲ, ಎಷ್ಟೋ ಅರಬರ ಬಾಯಲ್ಲಿ ಪೆಪ್ಸಿ 'ಬೆಬ್ಸಿ' ಆಗುತ್ತದೆ. ಅದಕ್ಕಾಗಿ ಅಂಗಡಿಯವ ಕೊಡದೆ ಇರುತ್ತಾನೆಯೇ?

ಮಂಜೇಶ್ವರದ ಗೋವಿಂದ ಪೈಗಳು (1883–1963) ಮನೆಯಲ್ಲಿ ಕೊಂಕಣಿ ಆಡುತ್ತಿದ್ದರು. ಕಾವ್ಯ ಬರೆದದ್ದು ಕನ್ನಡದಲ್ಲಿ. ಹಲವಾರು ಭಾಷೆ ಕಲಿತರು, ಜಪಾನಿನ ನಾಟಕಗಳನ್ನೂ ಕನ್ನಡಕ್ಕೆ ತಂದರು.

ಅಭ್ಯಾಸ: ಮೞ (ಮಳೆ), ಮಲ (ಬೆಟ್ಟ), ವೞಿ (ದಾರಿ), ವಳ (ಬಳೆ). ಮಲಯಾಳ ಬಲ್ಲ ನೆರೆಯವರ ಎದುರು ಹೇಳಿ. ಅವರು ಯಾವ ಪದ ಕೇಳಿಸಿತು ಎನ್ನುತ್ತಾರೋ ಅದನ್ನು ಬರೆದಿಡಿ. ಆಮೇಲೆ ಅವರಿಂದ ಕನ್ನಡದ 'ಹಾಲು', 'ಹಾಳು' ಹೇಳಿಸಿ.