ಎರೆ ಮತ್ತು ಮಸಾರಿ ನೆಲಗಳಲ್ಲಿ ವಿದ್ಯುತ್ ಪರಿವರ್ತಕಗಳ ಭೂಸಂಪರ್ಕ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗಗಳಲ್ಲಿ ಕೊಳವೆಬಾವಿಯ ನೀರಿನಿಂದ ಶೇಂಗಾ, ಮೆಣಸಿನಕಾಯಿ, ಉಳ್ಳಾಗಡ್ಡಿಗಳನ್ನು ಬೆಳೆಯುವ ಒಕ್ಕಲಿಗರಿಗೆ, ರೂಢಿಯಲ್ಲಿ ಟಿ.ಸಿ. ಎಂದು ಕರೆಯಲ್ಪಡುವ ವಿದ್ಯುತ್ ಪರಿವರ್ತಕವು ಬಾವಿಯಷ್ಟೇ ಅವಶ್ಯಕವಾದುದು. ೧೧,೦೦೦ ವೋಲ್ಟಿನ ಒತ್ತಡದಿಂದ ಬರುವ ವಿದ್ಯುಚ್ಛಕ್ತಿಯನ್ನು ೪೩೩ ವೋಲ್ಟಿಗೆ ಇಳಿಸಿ ಪಂಪುಗಳಿಗೂ ಮನೆಗಳಿಗೂ ಒದಗಿಸುವುದು ಅದರ ಕೆಲಸ. ಎರಡು ಕಂಬಗಳ ನಡುವೆ ಅದನ್ನು ಏರಿಸಿ ನಿಲ್ಲಿಸುವುದನ್ನು ಊರವರೆಲ್ಲರೂ ನೆರೆದು ನೋಡುವರು. ಕಂಬದ ಬುಡದ ಗುಂಡಿಗಳಲ್ಲಿ ಏನನ್ನು ಹೂತರೆಂಬುದನ್ನು ವಿಚಾರಿಸುವವರು ವಿರಳ. ಜನ ದನಗಳ ಪ್ರಾಣವು ಬಹುಮಟ್ಟಿಗೆ ಈ ಗುಂಡಿಗಳನ್ನೇ ಅವಲಂಬಿಸಿರುವುದರಿಂದ ಗ್ರಾಮದ ಹಿರಿಯರೂ ಜಮೀನುದಾರರೂ ಈ ವಿಷಯವನ್ನು ಅರಿತಿರುವುದು ಅಗತ್ಯ.

ಪರಿವರ್ತಕದಿಂದ ಹೊರಡುವ ನಾಲ್ಕು ತಂತಿಗಳಲ್ಲಿ ಮೂರು ಫೇಸುಗಳು, ನಾಲ್ಕನೆಯದು ನ್ಯೂಟ್ರಲ್. ಈ ನ್ಯೂಟ್ರಲನ್ನು ಪರಿವರ್ತಕದ ಬಳಿಯಲ್ಲಿಯೇ ನೆಲಕ್ಕೆ ಜೋಡಿಸಿರುತ್ತಾರೆ. ಪಂಪಿನ ಮೋಟಾರಿನೊಳಗೆ ತಂತಿಯ ಹೊದಿಕೆ ಸುಟ್ಟು ವಿದ್ಯುತ್ತು ಅದರ ಕಬ್ಬಿಣದ ಮೈಗೆ ತಗುಲಿತೆಂದು ಭಾವಿಸೋಣ. ಅದು ಮೋಟಾರಿನ ಭೂಸಂಪರ್ಕದಿಂದ ನೆಲಕ್ಕಿಳಿದು, ನೆಲದ ಮೂಲಕವೇ ನ್ಯೂಟ್ರಲಿಗೆ ಮರಳತಕ್ಕದ್ದು. ಈ ದಾರಿಯ ಒಟ್ಟು ತಡೆ ೫ ಓಮ್ ಇದ್ದರೆ, ೨೫೦ ವೋಲ್ಟಿನ ಒತ್ತಡಕ್ಕೆ ೫೦ ಆಂಪಿಯರ್ ಹರಿದು ಪಂಪಿನ ಫ್ಯೂಸು ಕೂಡಲೇ ಕರಗುವುದು; ಅಪಾಯವು ಅಲ್ಲಿಗೆ ತೀರಿತು. ತಡೆಯು ೫೦ ಓಮ್ ಆದರೆ ಹರಿಯುವುದು ೫ ಆಂಪಿಯರ್ ಮಾತ್ರ. ೫ ಅಶ್ವಶಕ್ತಿಯ ಮೋಟಾರು ನಿತ್ಯ ಎಳೆಯುವುದೇ ಸುಮಾರು ೭ ಆಂಪಿಯರ್ ಆದಕಾರಣ ಫ್ಯೂಸಿಗೆ ಇದರ ಸುಳಿವೇ ಹತ್ತದು. ಯಾರಾದರೂ ಮುಟ್ಟುವ ತನಕ ಆ ಕಬ್ಬಿಣವು ವಿದ್ಯುತ್ತನ್ನು ಹೊತ್ತುಕೊಂಡೇ ಇರುವುದು. ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಕಟ್ಟುವವರಂತೂ ಒಳ್ಳೆಯ ಭೂಸಂಪರ್ಕವನ್ನೂ ನಿರರ್ಥಕಗೊಳಿಸುತ್ತಾರೆ.

ಇನ್ನು ನಮ್ಮ ಸೀಮೆಯ ನೆಲದ ಗುಣವನ್ನು ನೋಡೋಣ. ಎರೆಯು ತೇವವಿರುವಾಗ ವಿದ್ಯುತ್ತಿಗೆ ಬಹಳ ಅನುಕೂಲವಾದ ಮಣ್ಣು. ಸರಿಯಾಗಿ ಹೂತ ಒಂದೇ ಕೊಳವೆ ಕೆಲವೇ ಓಮ್ ತಡೆಯನ್ನು ಕೊಡಬಲ್ಲುದು. ಆದರೆ ಎರೆಯು ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರಿದು ಕೈ ಹಿಡಿಯುವಷ್ಟು ಬಿರುಕು ಬೀಳುವುದನ್ನು ಕಾಣದ ಒಕ್ಕಲಿಗನಿಲ್ಲ. ಅದೇ ರೀತಿ ಮಣ್ಣು ಹೂತ ಕೊಳವೆಯ ಮೈಯನ್ನೂ ಬಿಟ್ಟು ಸರಿಯುವುದು. ಮೇಲಿನ ಭಾಗವು ಗಾಳಿಯಲ್ಲಿ ನಿಂತಂತಾಗುವುದು. ಮಳೆಗಾಲದಲ್ಲಿ ಉತ್ತಮವೆಂದು ಅಳೆದ ಸಂಪರ್ಕವು, ಭರಣಿ ಕೃತ್ತಿಕೆಗಳ ಸಿಡಿಲು ಮಳೆ ಬರುವ ಹೊತ್ತಿಗೆ, ಅಂದರೆ ಅದರ ಅವಶ್ಯಕತೆ ಅತ್ಯಧಿಕವಾಗಿರುವಾಗಲೇ, ಕೆಟ್ಟಿರುವುದು. ಕಪ್ಪತಗುಡ್ಡದ ಅಡಿಯ ಮಸಾರಿ ಮತ್ತು ಗರಸು ನೆಲಗಳ ತೊಂದರೆ ಬೇರೆ. ಅವು ಬಿರಿಯುವುದಿಲ್ಲ, ಆದರೆ ನೀರನ್ನೂ ಹಿಡಿಯುವುದಿಲ್ಲ; ಅಲ್ಲಿ ಅದೇ ಕೊಳವೆಯ ತಡೆ ಹತ್ತಾರು ಓಮುಗಳಿಗೆ ಏರಬಹುದು. ಆದಕಾರಣ ಒಂದು ಊರಿನ ಲೆಕ್ಕವನ್ನು ಇನ್ನೊಂದು ಊರಿಗೆ ಹಚ್ಚಕೂಡದು.

ಭೂಸಂಪರ್ಕದ ಕೊಳವೆಯು ಕಲಾಯಿ ಮಾಡಿದ ಕಬ್ಬಿಣದ್ದಾಗಿದ್ದು, ೩೮ ಮಿಲಿಮೀಟರಿಗೆ ಕಡಿಮೆಯಿಲ್ಲದ ಒಳವ್ಯಾಸವನ್ನೂ ೨.೫ ಮೀಟರಿಗೆ ಕಡಿಮೆಯಿಲ್ಲದ ಉದ್ದವನ್ನೂ ಹೊಂದಿರತಕ್ಕದ್ದು. ಎರೆಯಲ್ಲಿ ಬಿರುಕು ಮುಟ್ಟದ ಆಳಕ್ಕೆ ಇಳಿಸಲು ೩ ಮೀಟರಿನದನ್ನು ಹಾಕಿಸುವುದು ಲೇಸೆಂದು ನಮ್ಮ ಅಭಿಪ್ರಾಯ. ಹೆಚ್ಚಿನ ಖರ್ಚು ಅಲ್ಪವಾದುದು. ಸುತ್ತಲೂ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬುವ ಪದ್ಧತಿಯಿದೆ. ಉಪ್ಪು ಮಳೆಗೆ ಕರಗಿ ಹೋಗುವುದಲ್ಲದೆ ಕೊಳವೆಯನ್ನೂ ತಿನ್ನುವುದರಿಂದ ಅದನ್ನು ಮಿತವಾಗಿ ಬಳಸಬೇಕು.

ಪರಿವರ್ತಕವೊಂದಕ್ಕೆ ಮೂರು ಗುಂಡಿಗಳು, ಒಂದರಿಂದೊಂದು ೬ ಮೀಟರ್ ದೂರದಲ್ಲಿ ತ್ರಿಕೋನಾಕಾರವಾಗಿ ಇರುವುದು ಗ್ರಾಮೀಣ ವಿದ್ಯುದೀಕರಣದಲ್ಲಿ ರೂಢಿಯಾಗಿರುವ ಕ್ರಮ. ಒಂದು ಗುಂಡಿಯು ಸಿಡಿಲುರೋಧಕಗಳಿಗೆ ಮೀಸಲು; ಅದಕ್ಕಿಳಿಯುವ ತಂತಿಯು ಸುತ್ತುಬಳಸದೆ ನೆಟ್ಟಗಿರಬೇಕು. ಉಳಿದ ಎರಡಕ್ಕೂ ನ್ಯೂಟ್ರಲಿನಿಂದಲೂ, ಪರಿವರ್ತಕದ ಮೈ ಹಾಗೂ ಸ್ವಿಚ್ಚಿನ ಹಿಡಿಕೆಯಿಂದಲೂ ಪ್ರತ್ಯೇಕ ಜೋಡಣೆಗಳಿರಬೇಕು. ಒಂದು ಕಡಿದರೂ ಇನ್ನೊಂದು ಉಳಿಯುವುದೆಂಬುದೇ ಇದರ ಉದ್ದೇಶ. ಗುಂಡಿ ತೋಡುವ ಶ್ರಮವನ್ನು ಉಳಿಸಲು ಮೂರನ್ನೂ ಒಂದೇ ಕಡೆ ಒತ್ತಾಗಿ ತೋಡಿದರೆ ಅವು ಒಂದೇ ಮಣ್ಣನ್ನು ಹಂಚಿಕೊಳ್ಳುವುವು. ಮೂರರ ಫಲ ಸಿಕ್ಕದು. ಸ್ವಂತ ಖರ್ಚಿನಲ್ಲಿ ಪರವಾನಿಗೆಯುಳ್ಳ ಗುತ್ತಿಗೆದಾರರಿಂದ ಕೆಲಸ ಮಾಡಿಸುವ ಜಮೀನುದಾರರು ಗುಂಡಿ ಮುಚ್ಚುವ ಮೊದಲೇ ಕೊಳವೆಯ ಉದ್ದವನ್ನೂ ಗುಂಡಿಗಳ ಅಂತರವನ್ನೂ ಕಣ್ಣಾರೆ ನೋಡಿಕೊಳ್ಳತಕ್ಕದ್ದು. ಮಣ್ಣು ಬಿದ್ದ ಬಳಿಕ ಎಲ್ಲ ಗುಂಡಿಗಳೂ ಒಂದೇ ರೂಪ!

ಕಂಬಗಳನ್ನು ಅವುಗಳ ಉದ್ದದ ಆರನೆಯ ಒಂದು ಭಾಗದಷ್ಟು ಹೂಳಬೇಕು. ಎರೆಯಲ್ಲಿ ಬುಡಕ್ಕೆ ಕಾಂಕ್ರೀಟು ಅವಶ್ಯ. ನೀರು ನಿಲ್ಲುವ ತಗ್ಗು, ಕಣ, ಬಣವೆಗಳ ಸಮೀಪ ಪರಿವರ್ತಕವನ್ನು ನಿಲ್ಲಿಸಲು ಒಪ್ಪಬಾರದು. ಅದರೊಳಗಿನ ಎಣ್ಣೆಯು ಉರಿಯುವಂಥದು. ಒಂದು ಕಿಡಿಗೆ ವರ್ಷದ ಕಣಿಕೆ ಬೂದಿಯಾದೀತು. ನೆಲಮಟ್ಟದ ಕಟ್ಟೆಯ ಮೇಲಿರಿಸಿದ ಪರಿವರ್ತಕಕ್ಕೆ ೧.೮ ಮೀಟರಿಗೆ ಕಡಿಮೆಯಿಲ್ಲದ ಬೇಲಿ ಬೇಕು. ಕಂಬಕ್ಕಾಗಲಿ ಬಿಗಿತಂತಿಗಾಗಲಿ ದನ ಕಟ್ಟುವ ರೂಢಿಯನ್ನು ಗ್ರಾಮದ ಹಿರಿಯರು ನಿಲ್ಲಿಸಲೇಬೇಕು. ನೆಲಕ್ಕೆ ವಿದ್ಯುತ್ತು ಇಳಿಯುವಾಗ ಹೆಜ್ಜೆಯಿಂದ ಹೆಜ್ಜೆಗೆ ಒತ್ತಡವು ವ್ಯತ್ಯಾಸವಾಗುವುದು. ಎತ್ತಿನ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚಾದುದರಿಂದಲೂ, ವಿದ್ಯುತ್ತು ಅದರ ಎದೆಯ ಮೂಲಕ ಹಾಯುವುದರಿಂದಲೂ, ಪಕ್ಕದಲ್ಲಿ ಮನುಷ್ಯನು ಬದುಕುಳಿದರೂ ಎತ್ತು ಸಾಯಬಹುದು.

ಕೆಲಸ ಮುಗಿದ ಮೇಲೆ ತಡೆಯನ್ನು ಮೆಗ್ಗರ್ ಎಂಬ ಉಪಕರಣದಿಂದ ಅಳೆಯಿಸಿ, ೫ ಓಮಿಗೆ ಮೀರದಂತೆ ನೋಡಿಕೊಳ್ಳಬೇಕು. ಮೀರಿದರೆ ಮತ್ತಷ್ಟು ಕೊಳವೆಗಳನ್ನು ಹೂಳಿಸಿ ಜೋಡಿಸಬೇಕಾಗುವುದು. ಪೂರೈಕೆದಾರರ ಭೂಸಂಪರ್ಕಗಳನ್ನು ಒಣ ಋತುವಿನ ಒಣ ದಿನದಲ್ಲಿ ಪರೀಕ್ಷಿಸಬೇಕೆಂದು ೧೯೫೬ರ ಭಾರತೀಯ ವಿದ್ಯುತ್ ನಿಯಮಗಳಲ್ಲಿಯೂ, ಬಳಿಕ ೨೦೧೦ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು ಹೊರಡಿಸಿದ ನಿಯಮಗಳಲ್ಲಿಯೂ ವಿಧಿಸಲಾಗಿತ್ತು. ಎರೆಯ ನಾಡಿಗೆ ಇದಕ್ಕಿಂತ ಒಪ್ಪುವ ನಿಯಮವಿಲ್ಲ. ಆದುದರಿಂದ ಯುಗಾದಿಯ ಸುಮಾರಿಗೆ ಊರಿನ ಪರಿವರ್ತಕಗಳನ್ನು ಅಳೆಯಬೇಕೆಂದು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ ಶಾಖಾ ಕಚೇರಿಗೆ ಗ್ರಾಮಸ್ಥರು ಲಿಖಿತವಾಗಿ ಬರೆದುಕೊಳ್ಳುವುದು ಯೋಗ್ಯ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಲೈನ್‌ಮನ್ನರ ಸಮಕ್ಷಮ, ಪೂರೈಕೆ ನಿಲ್ಲಿಸಿದ ವೇಳೆಯಲ್ಲಿ, ಗುಂಡಿಗಳಿಗೆ ನೀರು ಹಾಕಿಸಬೇಕು.

ನೆಲಕ್ಕಿಳಿಯುವ ತಂತಿಯು ಕಡಿದು ಜೋತಾಡುತ್ತಿರುವುದು ಕಂಡರೆ ಅದನ್ನು ಯಾರೂ ಕೈಯಿಂದ ಜೋಡಿಸಲು ಹೋಗಕೂಡದು. ಅರ್ಥಿಂಗ್ ತಂತಿಯಲ್ಲಿ ವಿದ್ಯುತ್ತಿರುವುದಿಲ್ಲವೆಂಬ ನಂಬಿಕೆಯು ತಂತಿ ಅಖಂಡವಾಗಿರುವವರೆಗೆ ಮಾತ್ರ ಸಲ್ಲುವುದು. ಕಡಿದಾಗ ಅದರ ಮೇಲಿನ ತುದಿಯು ಪ್ರಾಣಾಂತಿಕವಾದ ಒತ್ತಡಕ್ಕೇರಬಹುದು. ಜನರನ್ನೂ ದನಗಳನ್ನೂ ದೂರವಿರಿಸಿ, ಅಲ್ಲಿ ಒಬ್ಬ ತಿಳಿದವನನ್ನು ಕಾವಲು ನಿಲ್ಲಿಸಿ, ೧೯೧೨ ಸಂಖ್ಯೆಗೆ ದೂರವಾಣಿಯಿಂದ ತಿಳಿಸತಕ್ಕದ್ದು.